ದುಬೈ ಇಸ್ತ್ರಿಪೆಟ್ಟಿಗೆಗೆ ಊರಲ್ಲಿ ತೂತಿಲ್ಲ!

ಮಂಗಳೂರು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿರುವ ಯಾವ ಎಲೆಕ್ಟ್ರಿಕ್ ಅಂಗಡಿಯ ಮುಂದೆ ಬೇಕಾದರೂ ಸಂಜೆ ಹೊತ್ತು ಅರ್ಧ ಗಂಟೆ ನಿಂತು ನೋಡಿ. ಊರಿನ ಬಸ್ಸು ಹೊರಡುವ ಮೊದಲು ಒಬ್ಬರಾದರೂ ಓಡೋಡಿ ಬಂದು, ಚೀಲದಿಂದ ಒಂದು ವಯರಿನ ತುದಿ ಎಳೆದು ಮೇಜಿನ ಮೇಲೆ ಇಡುತ್ತಾರೆ.

"ಅಣ್ಣ, ಇದಕ್ಕೆ ಆಗುವ ಪಿನ್ನು ಉಂಟಾ? ನಮ್ಮವರು ದುಬೈಯಿಂದ ತಂದದ್ದು."

"ತೋರಿಸಿ ಅಕ್ಕ. ಓ, ಇದಾ! ಚಪ್ಪಟೆ ಕಾಲಿನದ್ದು. ನಮ್ಮ ಬೋರ್ಡಿಗೆ ಆಗುದಿಲ್ಲ. ಕತ್ತರಿಸಿ ಬೇರೆ ಹಾಕಿ ಕೊಡುವುದಾ, ಅಡಾಪ್ಟರ್ ಕೊಡುವುದಾ?"

"ಯಾವುದು ಕಡಿಮೆಗೆ ಆಗ್ತದೆ?"

"ಅಡಾಪ್ಟರೇ ಸಾಕು ಬಿಡಿ."

ಮಾತು ಇಷ್ಟೇ. ಎರಡು ನಿಮಿಷದಲ್ಲಿ ವ್ಯಾಪಾರ ಮುಗಿಯಿತು, ಅಕ್ಕನಿಗೆ ಬಸ್ಸೂ ಸಿಕ್ಕಿತು. ಆದರೆ ಈ ಎರಡು ನಿಮಿಷದಲ್ಲಿ ಯಾರೂ ಕೇಳದೆ ಉಳಿದ ಪ್ರಶ್ನೆಗಳು ಮೂರು. ಈ ಯಂತ್ರ ಎಷ್ಟು ವೋಲ್ಟಿನದು? ಎಷ್ಟು ವ್ಯಾಟಿನದು? ಅಡಾಪ್ಟರಿನ ಮೂರನೆಯ ತೂತಿನೊಳಗೆ ಹಿತ್ತಾಳೆ ಉಂಟೋ, ಬರೇ ಪ್ಲಾಸ್ಟಿಕ್ಕೋ?

ಗಲ್ಫಿನಿಂದ ಬಂದ ಪೆಟ್ಟಿಗೆ ಬಿಚ್ಚಿದ ಮನೆಗಳಲ್ಲೆಲ್ಲ ಮೊದಲ ಗೋಳು ಒಂದೇ, 'ಪ್ಲಗ್ ಹೊಂದುವುದಿಲ್ಲ ಮಾರಾಯ್ರೆ' ಎಂಬುದು. ಹೊಂದದಿದ್ದರೆ ಹೋದದ್ದೇನು? ಹೆಚ್ಚೆಂದರೆ ಪೇಟೆಗೆ ಬಂದು ಹೋಗುವ ಬಸ್ ಚಾರ್ಜು. ಹೊಂದದ ಪ್ಲಗ್ಗಿನಿಂದ ಯಾರಿಗೂ ಕರೆಂಟು ಹೊಡೆಯುವುದಿಲ್ಲ. ತಾಪತ್ರಯ ಇರುವುದು ಹೊಂದಬಾರದ ಕಡೆ ಹೊಂದಿಬಿಡುವ ಪ್ಲಗ್ಗಿನಲ್ಲಿ.

ಲೋಕದಲ್ಲಿ 15 ಬಗೆ

ಕರೆಂಟಿಗೆ ಜಾತಿಯಿಲ್ಲ ಎನ್ನುತ್ತಾರೆ. ಪ್ಲಗ್ಗಿಗೆ ಮಾತ್ರ ಉಂಟು. ವಿದ್ಯುತ್ ಸಾಮಾನುಗಳಿಗೆ ಲೋಕಕ್ಕೆಲ್ಲ ಒಂದೇ ಅಳತೆ ತರಬೇಕೆಂದು 1906ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ ಹುಟ್ಟಿಕೊಂಡಿತು. ನೂರು ವರ್ಷ ಕಳೆದ ಮೇಲೂ ಅದೇ ಆಯೋಗದ ಪಟ್ಟಿಯಲ್ಲಿ ಪ್ಲಗ್ಗುಗಳು 'ಎ' ಇಂದ 'ಓ' ವರೆಗೆ 15 ಬಗೆ!

ಭಾರತದಲ್ಲಿ ನಡೆಯುವುದು ಇವುಗಳಲ್ಲಿ ಮೂರು. ಎರಡು ಕಡ್ಡಿಯ 'ಸಿ', ಮೂರು ಗುಂಡು ಕಾಲಿನ ಸಣ್ಣದು 'ಡಿ', ಅದೇ ಆಕಾರದ ದಪ್ಪದ್ದು 'ಎಂ'. ಅಂಗಡಿ ಭಾಷೆಯಲ್ಲಿ ಸಣ್ಣದು ಐದು ಆಂಪಿಯರು, ದಪ್ಪದ್ದು 15 ಆಂಪಿಯರು ಅಥವಾ 'ಪವರ್ ಪ್ಲಗ್'. ಐಎಸ್ 1293 ಎಂಬ ಭಾರತೀಯ ಮಾನಕದ ಪ್ರಕಾರ ಇವು ಈಗ ಆರು ಮತ್ತು 16 ಆಂಪಿಯರಿನವು. ಹಳೆ ಹೆಸರು ಮಾತ್ರ ಬಾಯಿಂದ ಹೋಗಿಲ್ಲ.

ದುಬೈ, ಕತಾರ್, ಬಹರೈನ್, ಕುವೈತಿನಲ್ಲಿ ಚಪ್ಪಟೆ ಮೂರು ಕಾಲಿನ 'ಜಿ'. ಸಿಂಗಾಪುರ, ಮಲೇಶಿಯಾದಲ್ಲೂ ಅದೇ. ಅಮೆರಿಕದಲ್ಲಿ ಎರಡು ತೆಳು ಬ್ಲೇಡು, ಕೆಲವಕ್ಕೆ ಕೆಳಗೊಂದು ಗುಂಡು ಕಾಲು. ಜರ್ಮನಿಯಲ್ಲಿ ಎರಡು ಗುಂಡು ಕಡ್ಡಿ, ಬದಿಯಲ್ಲಿ ಹಿತ್ತಾಳೆ ಪಟ್ಟಿ. ಕರಾವಳಿಯ ಎಷ್ಟೋ ಮಂದಿ ಮುದುಕರ ಆರೈಕೆಯ ಕೆಲಸಕ್ಕೆ ಹೋಗುವ ಇಸ್ರೇಲಿನಲ್ಲಿ 'ಎಚ್'. ಆಸ್ಟ್ರೇಲಿಯಾದ್ದು ಓರೆ ಕಾಲು.

ಬ್ರಿಟಿಷರು ಬಿಟ್ಟುಹೋದ ಪಿನ್ನು

ನಮ್ಮ ಮೂರು ಗುಂಡು ಕಾಲಿನ ಪ್ಲಗ್ ಸ್ವದೇಶಿ ಅಲ್ಲ. ಅದು ಬ್ರಿಟನ್ನಿನ ಬಿಎಸ್ 546 ಎಂಬ 1934ರ ಮಾನಕದ ಕೂಸು. ಬ್ರಿಟಿಷರು ಹೋದಲ್ಲೆಲ್ಲ ಅದೂ ಹೋಯಿತು. ದಕ್ಷಿಣ ಆಫ್ರಿಕಕ್ಕೆ ಹೋದವರಿಗೆ ಅಲ್ಲಿನ ಗೋಡೆಯ ಮೇಲೆ ನಮ್ಮ ಮನೆಯ 'ಪವರ್ ಪ್ಲಗ್ಗಿನ' ತೂತೇ ಕಂಡರೆ ಆಶ್ಚರ್ಯವಿಲ್ಲ.

ಇಲ್ಲೊಂದು ತಮಾಷೆ ನೋಡಿ. ಬ್ರಿಟಿಷರು ಇಲ್ಲಿಂದ ಗಂಟುಮೂಟೆ ಕಟ್ಟಿದ್ದು 1947ರಲ್ಲಿ. ಅವರು ತಮ್ಮ ದೇಶಕ್ಕೆ ಹೊಸ ಪ್ಲಗ್ಗಿನ ಮಾನಕ ಬರೆದುಕೊಂಡದ್ದೂ ಅದೇ 1947ರಲ್ಲಿ. ಚಪ್ಪಟೆ ಮೂರು ಕಾಲಿನ ಬಿಎಸ್ 1363 ಅದು. ಹೊಸದನ್ನು ಅವರು ಇಟ್ಟುಕೊಂಡರು, ಹಳೆಯದು ನಮ್ಮ ಪಾಲಿಗೆ ಉಳಿಯಿತು. ನಂತರ ಗಲ್ಫಿನಲ್ಲಿ ಎಣ್ಣೆ ದುಡ್ಡಿನಿಂದ ಊರುಗಳು ಎದ್ದಾಗ ಅಲ್ಲಿಗೆ ಹೋದದ್ದು ಹೊಸ ಪ್ಲಗ್. ಹಾಗಾಗಿ ಒಂದೇ ಮನೆಯ ಅಣ್ಣ ದುಬೈಯಲ್ಲಿ, ತಮ್ಮ ಉಡುಪಿಯಲ್ಲಿ ಇದ್ದರೆ ಇಬ್ಬರ ಗೋಡೆಗೂ ಕೂಡಿಬರುವುದಿಲ್ಲ.

ಹಾಗೆಂದು ಹಳೆ ಪಿನ್ನು ಬ್ರಿಟನ್ನಿನಲ್ಲಿ ಪೂರ್ತಿ ಸತ್ತಿಲ್ಲ. ಅಲ್ಲಿನ ನಾಟಕಶಾಲೆಗಳಲ್ಲಿ ರಂಗದ ದೀಪಗಳಿಗೆ ಇವತ್ತಿಗೂ 15 ಆಂಪಿಯರಿನ ಗುಂಡು ಕಾಲಿನ ಪ್ಲಗ್ಗೇ ಬಳಕೆಯಲ್ಲಿದೆ.

ಪ್ಲಗ್ಗಿನ ಹೊಟ್ಟೆಯಲ್ಲಿ ಫ್ಯೂಸು

ಬ್ರಿಟಿಷರು ಚಂದಕ್ಕೆಂದು ಪ್ಲಗ್ ಬದಲಿಸಿದವರಲ್ಲ. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಮನೆಗಳು ನೆಲಸಮವಾಗಿದ್ದವು. ಹೊಸ ಮನೆ ಕಟ್ಟಬೇಕು, ತಾಮ್ರಕ್ಕೆ ಬರ. ಪ್ರತಿ ಪ್ಲಗ್ಗಿಗೆ ಬೇರೆ ವಯರು ಎಳೆಯುವ ಬದಲು ಮನೆ ಸುತ್ತ ಒಂದೇ ಉಂಗುರದ ಹಾಗೆ ವಯರು ಎಳೆದು ಎಲ್ಲ ಪ್ಲಗ್ಗುಗಳನ್ನೂ ಅದಕ್ಕೇ ಸೇರಿಸಿದರು. ಉಂಗುರಕ್ಕೆ 30 ಆಂಪಿಯರಿನ ಫ್ಯೂಸು. ಟೇಬಲ್ ಲ್ಯಾಂಪಿನ ತೆಳು ವಯರಿಗೆ 30 ಆಂಪಿಯರಿನ ಫ್ಯೂಸು ಕಾವಲಾದೀತೆ? ವಯರು ಸುಟ್ಟು ಬೂದಿಯಾದರೂ ಅದು ಕರಗುವುದಿಲ್ಲ. ಅದಕ್ಕೇ ಪ್ರತಿ ಪ್ಲಗ್ಗಿನ ಹೊಟ್ಟೆಯೊಳಗೇ ಒಂದೊಂದು ಸಣ್ಣ ಫ್ಯೂಸು ಕೂರಿಸಿದರು. ಸಣ್ಣ ಸಾಮಾನಿಗೆ 3 ಆಂಪಿಯರು, ದೊಡ್ಡದಕ್ಕೆ 13.

ಇನ್ನೊಂದು ಉಪಾಯವೂ ಅದರಲ್ಲಿ ಉಂಟು. ತೂತಿಗೆ ಬಾಗಿಲು! ಉದ್ದದ ಅರ್ತ್ ಕಾಲು ಮೊದಲು ಒಳಗೆ ಹೋಗಿ ಬಾಗಿಲು ಸರಿಸಿದರೆ ಮಾತ್ರ ಉಳಿದ ಎರಡು ತೂತು ತೆರೆಯುತ್ತದೆ. ಮಗು ಮೊಳೆ ತುರುಕಿದರೆ ಹೋಗುವುದಿಲ್ಲ. ಈ ಪ್ಲಗ್ಗಿನ ಬಗ್ಗೆ ಯುದ್ಧಕಾಲದಲ್ಲಿ ಕೂತ 20 ಮಂದಿಯ ಸಮಿತಿಯಲ್ಲಿ ಒಬ್ಬರೇ ಮಹಿಳೆ ಇದ್ದರು. ಹೆಸರು ಕ್ಯಾರೊಲಿನ್ ಹ್ಯಾಸ್ಲೆಟ್. ಮನೆಯಲ್ಲಿ ಮಕ್ಕಳಿಗೆ ಅಪಾಯ ಆಗಬಾರದು ಎಂದು ಅಲ್ಲಿ ಪಟ್ಟು ಹಿಡಿದವರು ಅವರು. ಒಲೆ, ಇಸ್ತ್ರಿ, ಮಗು ಮೂರನ್ನೂ ಒಟ್ಟಿಗೆ ನೋಡಿಕೊಳ್ಳುವ ಕಷ್ಟ ಗೊತ್ತಿದ್ದವರ ಮಾತಿಗೆ ಅಷ್ಟು ಬೆಲೆ ಸಿಕ್ಕಿತು. ನಮ್ಮಲ್ಲೂ ಈಗ ಬಾಗಿಲಿರುವ ಸಾಕೆಟ್ಟು ಸಿಗುತ್ತದೆ. ಮಕ್ಕಳಿರುವ ಮನೆಯವರು ಕೇಳಿ ಪಡೆಯಬಹುದು.

ಈಗ ಅಂಗಡಿಗೆ ವಾಪಸು ಬನ್ನಿ. ದುಬೈ ಪ್ಲಗ್ಗನ್ನು ಕಚಕ್ಕನೆ ಕತ್ತರಿಸಿದಾಗ ಈ ಫ್ಯೂಸೂ ಕಸದ ಬುಟ್ಟಿಗೆ ಹೋಯಿತು. ಮನೆಯ ಬೋರ್ಡಿನಲ್ಲಿ ಸರಿಯಾದ ಎಂಸಿಬಿ ಇದ್ದರೆ ದೊಡ್ಡ ನಷ್ಟವೇನಿಲ್ಲ. ಆದರೆ ಹಳೇ ಮನೆಗಳ ಕಟ್‌ಔಟು ತೆರೆದು ನೋಡಿದರೆ? ಒಮ್ಮೆ ಫ್ಯೂಸು ಹೋದಾಗ ಕೈಗೆ ಸಿಕ್ಕ ದಪ್ಪ ತಂತಿ ಸುತ್ತಿ ಬಿಟ್ಟದ್ದು ಹಾಗೇ ಉಂಟು. ಅಂಥ ಮನೆಯಲ್ಲಿ ವಯರಿಗೆ ಕಾವಲಿದ್ದದ್ದು ಆ ಪ್ಲಗ್ಗಿನೊಳಗಿನ ಫ್ಯೂಸು ಒಂದೇ.

ಕೆಟಲಿನ ಲೆಕ್ಕ

ಅಡಾಪ್ಟರ್ ಹಾಕಿದರೆ ಫ್ಯೂಸು ಉಳಿಯಿತಲ್ಲ ಎನ್ನಬಹುದು. ಉಳಿಯಿತು. ಆದರೆ ಒಂದು ಸಣ್ಣ ಗುಣಾಕಾರ ಮಾಡಿ. ನಮ್ಮ ಕರೆಂಟು 230 ವೋಲ್ಟು. ಆರು ಆಂಪಿಯರಿನ ಸಣ್ಣ ಸಾಕೆಟ್ಟು ಹೊರುವುದು 230ರ ಆರು ಪಟ್ಟು, ಅಂದರೆ 1,380 ವ್ಯಾಟು. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಗೆ ಧಾರಾಳವಾಗಿ ಸಾಕು. ಆದರೆ ಗಲ್ಫಿನಿಂದಲೋ ಲಂಡನ್ನಿನಿಂದಲೋ ಬಂದ ಚಹಾ ನೀರು ಕಾಯಿಸುವ ಕೆಟಲು 3,000 ವ್ಯಾಟಿನದು ಇರುತ್ತದೆ. ಅದು ಎಳೆಯುವುದು 13 ಆಂಪಿಯರು. ಸಣ್ಣ ಕಾಲಿನ ಅಡಾಪ್ಟರಿನ ಮೂಲಕ ಅದನ್ನು ಸಣ್ಣ ಸಾಕೆಟ್ಟಿಗೆ ಕೊಟ್ಟರೆ ಆರು ಜನರ ಆಟೋಕ್ಕೆ 13 ಜನ ಹತ್ತಿದ ಹಾಗೆ. ಪ್ಲಗ್ಗಿನೊಳಗಿನ 13 ಆಂಪಿಯರಿನ ಫ್ಯೂಸು ಸುಮ್ಮನೆ ನೋಡುತ್ತಾ ಕೂರುತ್ತದೆ, ಅದರ ಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ಉಂಟು. ಕಾದು ಕಪ್ಪಾಗುವುದು ಸಾಕೆಟ್ಟು.

ಅದಕ್ಕೇ 16 ಆಂಪಿಯರಿನ ದಪ್ಪ ಸಾಕೆಟ್ಟು ಇರುವುದು. ಅದು 3,680 ವ್ಯಾಟಿನವರೆಗೆ ತಡೆಯುತ್ತದೆ. ಗೀಸರು, ಕೆಟಲು, ದೊಡ್ಡ ಹೀಟರಿನ ಜಾಗ ಅದು. ದಪ್ಪ ಪ್ಲಗ್ ಸಣ್ಣ ತೂತಿಗೆ ಹೋಗದಂತೆ ಮಾಡಿದ್ದೂ ಇದೇ ಕಾರಣಕ್ಕೆ. 'ಹೋಗುವುದಿಲ್ಲ' ಎಂದು ಗೋಡೆಯೇ ಹೇಳುತ್ತಿರುವಾಗ ಅಡಾಪ್ಟರ್ ಹಾಕಿ ಒಪ್ಪಿಸುವವರು ಜನ.

ಅಮೆರಿಕದ ಮಗ, ಊರಿನ ಮಿಕ್ಸಿ

ವೋಲ್ಟಿನ ಕತೆ ಇನ್ನೂ ಬಿಸಿ. ಅಮೆರಿಕದ ಕರೆಂಟು 120 ವೋಲ್ಟು, 60 ಸೈಕಲ್. ನಮ್ಮದು 230 ವೋಲ್ಟು, 50 ಸೈಕಲ್. ಅಲ್ಲಿನ ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯನ್ನು ಅಡಾಪ್ಟರ್ ಹಾಕಿ ಇಲ್ಲಿನ ಬೋರ್ಡಿಗೆ ಕೊಟ್ಟರೆ ವೋಲ್ಟು ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟಿನ ಹತ್ತಿರ. ಅಂದರೆ 3,600 ವ್ಯಾಟಿನ ಮೇಲೆ. ಅಂಗಿಯ ಸುಕ್ಕು ಹೋಗುವ ಮೊದಲು ಇಸ್ತ್ರಿಪೆಟ್ಟಿಗೆಯೇ ಹೋಗುತ್ತದೆ.

ಉಲ್ಟಾ ಕತೆಯೂ ಉಂಟು. ಮಗ-ಸೊಸೆ ಅಮೆರಿಕದಲ್ಲಿ, ಅಲ್ಲಿ ಉದ್ದು ಅರೆಯಲು ಒಳ್ಳೆ ಮಿಕ್ಸಿ ಸಿಗುವುದಿಲ್ಲ ಎಂದು ಅಮ್ಮ ಇಲ್ಲಿಂದಲೇ ಸೂಟ್‌ಕೇಸಿನಲ್ಲಿ ಮಿಕ್ಸಿ ಹೊತ್ತುಕೊಂಡು ಹೋಗುವುದು. ಅಲ್ಲಿ ಅಡಾಪ್ಟರ್ ಚುಚ್ಚಿ ಸ್ವಿಚ್ಚು ಹಾಕಿದರೆ ಮಿಕ್ಸಿ ಅರೆಜೀವವಾಗಿ ನರಳುತ್ತದೆ, ಹೊರತು ಉದ್ದು ನುಣ್ಣಗಾಗುವುದಿಲ್ಲ. ಅದಕ್ಕೆ ಬೇಕಾದದ್ದು ಅಡಾಪ್ಟರ್ ಅಲ್ಲ, ವೋಲ್ಟು ಏರಿಸುವ ಟ್ರಾನ್ಸ್‌ಫಾರ್ಮರು. ಇಲ್ಲವಾದರೆ ಅಮೆರಿಕಕ್ಕೆಂದೇ 110 ವೋಲ್ಟಿನ ಮಿಕ್ಸಿ ಸಿಗುತ್ತದೆ, ಕೇಳಿ ತೆಗೆದುಕೊಳ್ಳಬೇಕು.

ಗಲ್ಫಿನವರಿಗೆ ಈ ಗೋಳು ಕಡಿಮೆ. ದುಬೈ, ಕುವೈತ್, ಕತಾರಿನ ವೋಲ್ಟು ನಮ್ಮದರ ಆಸುಪಾಸೇ, ಸೈಕಲ್ಲೂ 50. ಪ್ಲಗ್ಗಿನ ಆಕಾರ ಮಾತ್ರ ಬೇರೆ. ಸೌದಿ ಮಾತ್ರ ಇದಕ್ಕೆ ಹೊರತು. ಅಲ್ಲಿ ಬಹುಕಾಲ ಮನೆಗಳಿಗೆ 127 ವೋಲ್ಟು ಇತ್ತು. 230ಕ್ಕೆ ಬದಲಾಯಿಸುವ ತೀರ್ಮಾನ ಆದದ್ದು 2010ರಲ್ಲಿ. ಸೈಕಲ್ ಈಗಲೂ 60. ಅಟ್ಟದಲ್ಲಿ ಹಳೇ ಸೌದಿ ಸಾಮಾನು ಇಟ್ಟುಕೊಂಡವರು ಬೋರ್ಡಿಗೆ ಚುಚ್ಚುವ ಮೊದಲು ಅದರ ಬುಡದ ಚೀಟಿ ಓದುವುದು ಕ್ಷೇಮ.

ಸೈಕಲ್ ಎಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದುಮುಂದಾಗುತ್ತದೆ ಎಂಬ ಲೆಕ್ಕ. ಅಮೆರಿಕದಲ್ಲಿ ಕರೆಂಟಿನ ಲಯದಲ್ಲೇ ಓಡುವ ಗೋಡೆ ಗಡಿಯಾರ ಉಂಟು. ವೋಲ್ಟು ಸರಿಮಾಡಿ ಅದನ್ನು ಇಲ್ಲಿ ಓಡಿಸಿದರೂ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಅದನ್ನು ನಂಬಿ ಹೊರಟವರಿಗೆ ಬಸ್ಸು ಸಿಕ್ಕಿದ ಹಾಗೆಯೇ!

ಒಂದೇ ದೇಶದೊಳಗೆ ಎರಡು ಸೈಕಲ್ ಇಟ್ಟುಕೊಂಡು ಪಾಡುಪಟ್ಟವರು ಜಪಾನಿನವರು. ಹಿಂದಿನ ಶತಮಾನಕ್ಕೂ ಮೊದಲೇ ಟೋಕಿಯೊ ಜರ್ಮನಿಯ ಯಂತ್ರ ತರಿಸಿತು, ಒಸಾಕಾ ಅಮೆರಿಕದ್ದು ತರಿಸಿತು. ಪೂರ್ವಕ್ಕೆ 50, ಪಶ್ಚಿಮಕ್ಕೆ 60 ಆಗಿ ಕೂತಿತು. 2011ರ ಭೂಕಂಪ, ಸುನಾಮಿಯಲ್ಲಿ ಪೂರ್ವದ ಕರೆಂಟು ನಿಂತಾಗ ಪಶ್ಚಿಮದಲ್ಲಿ ಇದ್ದದ್ದನ್ನೂ ಬೇಕಾದಷ್ಟು ಕಳುಹಿಸಲಾಗಲಿಲ್ಲ. ಮಧ್ಯದ ಪರಿವರ್ತನೆ ಯಂತ್ರಗಳಿಗೆ ಅಷ್ಟು ತಾಕತ್ತು ಇರಲಿಲ್ಲ. ನಮ್ಮಲ್ಲೂ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೊರಟ ಕರೆಂಟು 25 ಸೈಕಲ್ಲಿನದು. ಪುಣ್ಯಕ್ಕೆ ಇಂದು ದೇಶಕ್ಕೆಲ್ಲ 50 ಒಂದೇ.

ಮೂರನೆಯ ಕಾಲಿನ ಗೋಳು

ಇನ್ನು ಎಲ್ಲಕ್ಕಿಂತ ಮುಖ್ಯದ್ದು, ಎಲ್ಲರೂ ಕಡೆಗಣಿಸುವ ಆ ಮೂರನೆಯ ಕಾಲು. ನಮ್ಮ ಪ್ಲಗ್ಗಿನ ಮೇಲಿನ ಕಾಲು ಉಳಿದೆರಡಕ್ಕಿಂತ ಉದ್ದ, ದಪ್ಪ. ಉದ್ದ ಯಾಕೆಂದರೆ ಕರೆಂಟು ಬರುವ ಮೊದಲೇ ಅರ್ತ್ ಕೂಡಬೇಕು, ಕಿತ್ತಾಗ ಅರ್ತ್ ಕೊನೆಗೆ ಬಿಡಬೇಕು. ದಪ್ಪ ಯಾಕೆಂದರೆ ತಪ್ಪಿಯೂ ಅದು ಫೇಸಿನ ತೂತಿಗೆ ಹೋಗಬಾರದು. ಹಿತ್ತಾಳೆ ಕಾಲಿನ ನಡುವೆ ಸೀಳು ಇರುವುದು ಸ್ಪ್ರಿಂಗಿನ ಹಾಗೆ ಬಿಗಿಯಾಗಿ ಕೂರಲಿ ಎಂದು.

ಗ್ರೈಂಡರಿನ ಒಳಗೆ ವಯರು ಸವೆದು ತಗಡಿಗೆ ತಾಗಿತು ಅನ್ನಿ. ಅರ್ತ್ ಸರಿ ಇದ್ದರೆ ಕರೆಂಟು ಆ ದಾರಿಯಲ್ಲಿ ನುಗ್ಗಿ ಫ್ಯೂಸು ಹಾರುತ್ತದೆ, ಜೀವ ಉಳಿಯುತ್ತದೆ. ಅರ್ತ್ ಇಲ್ಲದಿದ್ದರೆ ಗ್ರೈಂಡರು ಏನೂ ಆಗದ ಹಾಗೆ ತಿರುಗುತ್ತಲೇ ಇರುತ್ತದೆ, ತಗಡಿನಲ್ಲಿ 230 ವೋಲ್ಟು ಕಾದು ಕೂತಿರುತ್ತದೆ. ಆಷಾಢದ ಮಳೆಗೆ ಒದ್ದೆಯಾದ ನೆಲದ ಮೇಲೆ ಬರಿಗಾಲಲ್ಲಿ ನಿಂತವರು ಮುಟ್ಟಿದರೆ ಅರ್ತಿನ ದಾರಿ ಅವರೇ ಆಗುತ್ತಾರೆ.

ಹೀಗಿರುವಾಗ ಜನ ಮಾಡುವುದೇನು? ಮೂರು ಕಾಲಿನ ಪ್ಲಗ್ ಎರಡರ ತೂತಿಗೆ ಹೋಗುವುದಿಲ್ಲವೆಂದು ಮೇಲಿನ ಕಾಲನ್ನೇ ಕೀಳುವುದು. ಪ್ಲಗ್ಗೇ ಇಲ್ಲದೆ ಬೋಳು ವಯರನ್ನು ತೂತಿಗಿಟ್ಟು ಬೆಂಕಿಕಡ್ಡಿ ಸಿಕ್ಕಿಸುವುದು. ಚಪ್ಪರದ ಸೀರಿಯಲ್ ಸೆಟ್ಟಿಗೆ, ಮೈಕಿಗೆ ಈ 'ಬೆಂಕಿಕಡ್ಡಿ ಮಾನಕ'ವೇ ಊರಿಗೆಲ್ಲ. ಚಪ್ಪಟೆ ಕಾಲಿನ ಸಾಕೆಟ್ಟು ಇರುವ ಕಡೆ ಪೆನ್ನಿನ ತುದಿ ಅರ್ತ್ ತೂತಿಗೆ ತುರುಕಿ ಬಾಗಿಲು ತೆರೆದು ಎರಡು ಕಡ್ಡಿ ಪ್ಲಗ್ ಹಾಕುವುದು ಅದರದ್ದೇ ವಿದೇಶಿ ತಮ್ಮ.

ಜರ್ಮನಿ ಪ್ಲಗ್ಗಿನ ಮೋಸ ಇನ್ನೂ ಸೂಕ್ಷ್ಮ. ಅದರ ಎರಡು ಕಡ್ಡಿ ನಮ್ಮ ಸಣ್ಣ ಸಾಕೆಟ್ಟಿಗೆ ಚಂದವಾಗಿ ಹೋಗುತ್ತದೆ, ಯಂತ್ರವೂ ಓಡುತ್ತದೆ. ಆದರೆ ಅದರ ಅರ್ತ್ ಇರುವುದು ಬದಿಯ ಹಿತ್ತಾಳೆ ಪಟ್ಟಿಯಲ್ಲಿ. ನಮ್ಮ ಸಾಕೆಟ್ಟಿನ ಬದಿಯಲ್ಲಿ ಅದಕ್ಕೆ ಕೂಡುವ ಪಟ್ಟಿಯೇ ಇಲ್ಲ. ಹೊಂದಿತು ಎಂದು ಮನೆಯವರು ನಿಶ್ಚಿಂತೆ, ಅರ್ತ್ ಮಾತ್ರ ಗಾಳಿಯಲ್ಲಿ. ಯಾವ ದೇಶದ ಪ್ಲಗ್ಗೂ ಹಿಡಿಸುವ 'ಯೂನಿವರ್ಸಲ್' ಎಕ್ಸ್‌ಟೆನ್ಶನ್ ಬಾಕ್ಸಿನಲ್ಲೂ ಇದೇ ಕತೆ. ಎಲ್ಲರನ್ನೂ ಒಳಗೆ ಬಿಡುತ್ತದೆ, ಯಾರನ್ನೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಸಡಿಲ ಇದ್ದಲ್ಲಿ ಕಿಡಿ, ಕಿಡಿ ಇದ್ದಲ್ಲಿ ಬಿಸಿ. ಮೊಬೈಲ್ ಚಾರ್ಜರಿನ ಎರಡು ಕಡ್ಡಿ ನಮ್ಮ ಬೋರ್ಡಿನಲ್ಲಿ ಜೋತಾಡುವುದಕ್ಕೂ ಕಾರಣ ಅಳತೆಯೇ. ಆ ಕಡ್ಡಿ 4 ಮಿಲಿಮೀಟರು ದಪ್ಪ, ನಮ್ಮ ಸಣ್ಣ ಪ್ಲಗ್ಗಿನ ಕಾಲು 5 ಮಿಲಿಮೀಟರು.

ಲೋಕಕ್ಕೆಲ್ಲ ಒಂದು ಯಾಕಿಲ್ಲ?

ಪ್ರಯತ್ನ ಆಗದೆ ಇಲ್ಲ. 1986ರಲ್ಲಿ ಅದೇ ಅಂತಾರಾಷ್ಟ್ರೀಯ ಆಯೋಗ ಲೋಕಕ್ಕೊಂದು ಪ್ಲಗ್ ಎಂದು ಒಂದು ಮಾನಕ ಹೊರಡಿಸಿತು. ಹಿಡಿದವರು ಬ್ರೆಜಿಲ್, ದಕ್ಷಿಣ ಆಫ್ರಿಕ ಎರಡೇ. ಬ್ರೆಜಿಲಿನವರು ಅದನ್ನೂ ತಮಗೆ ಬೇಕಾದಂತೆ ತಿದ್ದಿಕೊಂಡರು. ಅಲ್ಲಿ ಕೆಲವು ಊರಿಗೆ 127 ವೋಲ್ಟು, ಕೆಲವಕ್ಕೆ 220. ತೂತು ಮಾತ್ರ ಎರಡಕ್ಕೂ ಒಂದೇ! ಅಂದರೆ ತೂತು ಒಂದಾದ ಮಾತ್ರಕ್ಕೆ ತಾಪತ್ರಯ ಮುಗಿಯುವುದಿಲ್ಲ.

ಬದಲಾಯಿಸಬೇಕೆಂದರೆ ಪ್ರತಿ ಮನೆಯ ಗೋಡೆ, ಪ್ರತಿ ಯಂತ್ರದ ಬಾಲ ಎರಡೂ ಬದಲಾಗಬೇಕು. ದುಡ್ಡು ಯಾರದ್ದು? ಪಕ್ಕದ ಶ್ರೀಲಂಕಾದಲ್ಲಿ ಗುಂಡು ಕಾಲು, ಚಪ್ಪಟೆ ಕಾಲು ಎಲ್ಲ ಬೆರಕೆಯಾಗಿ ಸಾಕಾಗಿ, 2017ರಲ್ಲಿ ಚಪ್ಪಟೆ ಕಾಲಿನದೇ ಇನ್ನು ದೇಶದ ಪ್ಲಗ್ ಎಂದು ತೀರ್ಮಾನಿಸಿದರು. ನೂರು ಕೋಟಿ ದಾಟಿದ ಜನರ ದೇಶಕ್ಕೆ ಅದು ಸುಲಭದ ಮಾತಲ್ಲ.

ಅಂಗಡಿ ಮೇಜಿನ ಮೂರು ಪ್ರಶ್ನೆ

ಪ್ಲಗ್ ಬದಲಾಗದಿದ್ದರೂ ಮೇಜಿನ ಮೇಲಿನ ಮಾತು ಬದಲಾಗಬಹುದು. ಯಂತ್ರದ ಬುಡದಲ್ಲಿ ಒಂದು ಚೀಟಿ ಇದ್ದೇ ಇರುತ್ತದೆ. ಅದರಲ್ಲಿ 100ರಿಂದ 240 ವೋಲ್ಟು ಎಂದಿದ್ದರೆ ಯಾವ ದೇಶದಲ್ಲೂ ನಡೆಯುತ್ತದೆ, ಆಕಾರ ಬದಲಿಸಿದರೆ ಸಾಕು. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರುಗಳು ಹೆಚ್ಚಾಗಿ ಹೀಗೇ. 110 ಅಥವಾ 120 ಎಂದು ಮಾತ್ರ ಇದ್ದರೆ ಅಡಾಪ್ಟರ್ ಕೊಡಲೇಬಾರದು. ವ್ಯಾಟು 1,300 ದಾಟಿದರೆ ದಪ್ಪ ಪ್ಲಗ್ಗೇ ಸರಿ. ಚೌಕದೊಳಗೆ ಚೌಕದ ಗುರುತಿದ್ದರೆ ಅರ್ತ್ ಬೇಡದ ಯಂತ್ರ, ಎರಡು ಕಾಲು ಸಾಕು. ಆ ಗುರುತಿಲ್ಲದ ತಗಡಿನ ಸಾಮಾನಿಗೆ ಮೂರು ಕಾಲೂ ಬೇಕು, ಮೂರಕ್ಕೂ ವಯರು ಬೇಕು. ಪ್ಲಗ್ಗಿನ ಮೇಲೆ ಐಎಸ್ಐ ಮುದ್ರೆ ನೋಡಲು ಕನ್ನಡಕ ಹಾಕಿದರೂ ನಷ್ಟವಿಲ್ಲ.

ಇಷ್ಟೆಲ್ಲ ಆದ ಮೇಲೂ ಮನೆಯ ಅರ್ತ್ ಗುಂಡಿ ಒಣಗಿದ್ದರೆ ಎಲ್ಲ ನೀರಲ್ಲಿ ಹೋಮ. ಕರಾವಳಿಯ ಮುರಕಲ್ಲು ಬೇಸಿಗೆಯಲ್ಲಿ ಒಣಗಿ ಹಂಚಾಗುತ್ತದೆ. ಇದ್ದಲು, ಉಪ್ಪು ಹಾಕಿದ ಗುಂಡಿಗೆ ಆಗಾಗ ಒಂದು ಕೊಡ ನೀರು ಹೊಯ್ಯುತ್ತಿದ್ದದ್ದು ಅದಕ್ಕೇ. ಜೊತೆಗೆ 30 ಮಿಲಿ ಆಂಪಿಯರಿಗೆ ಹಾರುವ ಆರ್‌ಸಿಸಿಬಿ ಒಂದನ್ನು ಬೋರ್ಡಿಗೆ ಹಾಕಿಸಿದರೆ, ಕರೆಂಟು ಮೈಮೇಲೆ ದಾರಿ ಹುಡುಕಿದರೂ ಕಣ್ಣು ಮಿಟುಕಿಸುವುದರೊಳಗೆ ನಿಲ್ಲುತ್ತದೆ. ದುಬೈಯಿಂದ ಬಂದ ಪೆಟ್ಟಿಗೆಯ ಖರ್ಚಿಗೆ ಹೋಲಿಸಿದರೆ ಅದೇನೂ ದೊಡ್ಡ ಮೊತ್ತವಲ್ಲ.

ನಾಳೆ ಸಂಜೆಯೂ ಯಾರಾದರೂ ಚೀಲದಿಂದ ವಯರು ಎಳೆಯುತ್ತಾರೆ. "ಇದಕ್ಕೆ ಆಗುವ ಪಿನ್ನು ಉಂಟಾ?" ಎಂದು ಕೇಳುತ್ತಾರೆ. ಆಗ ಅಂಗಡಿಯವರು ಅಡಾಪ್ಟರಿನ ಡಬ್ಬಿಗೆ ಕೈಹಾಕುವ ಮೊದಲು, "ಅಕ್ಕ, ಅದರ ಬುಡ ಒಮ್ಮೆ ತೋರಿಸಿ, ಚೀಟಿ ಓದುವ" ಎಂದರೆ ಸಾಕು. ಬಸ್ಸು ಒಂದು ತಪ್ಪಬಹುದು. ಹಿಂದಿನ ಬಸ್ಸು ಹತ್ತು ನಿಮಿಷದಲ್ಲಿ ಬರುತ್ತದೆ.